ಒಣಗುವ ಮೊದಲೇ ಮುಚ್ಚಿದ ಛಾವಣಿ

"ನಡುವೆ ಕಾಲಿಡಬೇಡಿ! ರೀ... ನಿಮಗೇ ಹೇಳ್ತಿರೋದು! ನಡುವೆ..."

ಅವಳ ಮಾತು ಮುಗಿಯುವಷ್ಟರಲ್ಲಿ ಕ್ಯಾರವಾನ್ ಗಾಡಿಯ ಛಾವಣಿ ಮೆತ್ತಗೆ ಕುಸಿಯಿತು. ಮೇಲೆ ಹತ್ತಿ ನಿಂತಿದ್ದ ಆ ಉದ್ದನೆಯ ಮನುಷ್ಯನ ಬಲಗಾಲು ಮೊಣಕಾಲಿನವರೆಗೂ ಒಳಗಿಳಿಯಿತು!

ಗಾಡಿಯೊಳಗಿಂದ ವಯಸ್ಸಾದ ಹೆಂಗಸಿನ ಧ್ವನಿ ಕೇಳಿಸಿತು.

"ಮರೀ, ನಿನ್ನ ಕಾಲು ಒಲೆ ಮೇಲೆ ಬಂದಿದೆ ಕಣೋ! ಹಾಲು ಉಕ್ಕಿದ್ರೆ ಕಾಲಲ್ಲೇ ಒಲೆ ಆರಿಸ್ತೀಯಾ?"

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ನಗು ತಡೆಯಲಾಗಲಿಲ್ಲ. ಏಣಿ ಹತ್ತಿ ಹೋಗಿ ಅವನ ತೋಳು ಹಿಡಿದಳು.

"ಅಲ್ಲಾಡಬೇಡಿ. ಅಂಚಿನ ಮೇಲೆ ಭಾರ ಹಾಕಿ ನಿಧಾನ ಎದ್ದೇಳಿ. ಛಾವಣಿ ಒಳಗಿನ ಹಲಗೆ ಕೊಳೆತಿದೆ ಅಂತ ನೋಡಿದ್ರೇ ಗೊತ್ತಾಗಲ್ವಾ?"

"ಎಲ್ಲಿ ಸೋರ್ತಿದೆ ಅಂತ ನೋಡೋಕೆ ಹತ್ತಿದೆ..."

"ಈಗ ಗೊತ್ತಾಯ್ತಲ್ಲ? ನೀವಿರೋ ಜಾಗದಲ್ಲೇ!"

ಅವನ ಮುಖ ಕೆಂಪಾಯಿತು. ಆ ಬಿಸಿಲಿಗೋ, ನಾಚಿಕೆಗೋ... ಅವಳಿಗೆ ತಿಳಿಯಲಿಲ್ಲ.

ಮಂಚ, ಒಲೆ, ಸಿಂಕು ಎಲ್ಲ ಇರುವ ಇಂಥ ಪ್ರವಾಸದ ಗಾಡಿಗಳ ಛಾವಣಿ ರಿಪೇರಿ ಮಾಡುವುದೇ ಅವಳ ಕೆಲಸ. ಆ ಊರಿನ ಬಿಸಿಲು ಮಧ್ಯಾಹ್ನದವರೆಗೆ ಛಾವಣಿಯನ್ನು ಕಾಯಿಸಿ, ನೀರು ಇಳಿಯದಂತೆ ಸಂದಿಗೆ ಹಾಕಿದ ಅಂಟನ್ನೆಲ್ಲ ಬಿರಿಯುವಂತೆ ಮಾಡುತ್ತಿತ್ತು. ಸಂಜೆಯ ಮಳೆ ಆ ಬಿರುಕನ್ನೇ ಹುಡುಕಿಕೊಂಡು ಬರುತ್ತಿತ್ತು. ಅಪ್ಪ ಕಟ್ಟಿದ ಶೆಡ್ಡು, ಅಪ್ಪನಿಂದ ಕಲಿತ ಕೈ. ಮೊಣಕಾಲು ಸವೆದು ಅಪ್ಪ ಏಣಿ ಬಿಟ್ಟ ಮೇಲೆ ಏಳು ವರ್ಷದಿಂದ ಮೇಲೆ ಹತ್ತುವವಳು ಅವಳೇ. ಉಗುರಿನ ಸಂದಿಯಲ್ಲಿ ಯಾವಾಗಲೂ ಅಂಟು ಮೆತ್ತಿರುತ್ತಿದ್ದರಿಂದ ಗಾಡಿಯವರೆಲ್ಲ ಅವಳನ್ನು ಅಂಟಕ್ಕ ಎಂದೇ ಕರೆಯುತ್ತಿದ್ದರು.

ಕಾಲು ಸಿಕ್ಕಿಸಿಕೊಂಡವನು ಗಣಿತದ ಮೇಷ್ಟ್ರು. ಗಾಡಿ ಅವನ ತಂದೆ ಕೊಂಡದ್ದು. ಒಂದೇ ಒಂದು ಪ್ರಯಾಣವೂ ಮಾಡದೆ ಅವರು ತೀರಿಕೊಂಡಿದ್ದರು. ಈಗ ತಾಯಿಗೆ ಸಮುದ್ರ ತೋರಿಸಬೇಕೆಂದು ಮಗ ರಜೆ ಹಾಕಿದ್ದ.

"ಎಷ್ಟು ದಿನ ಬೇಕಾದ್ರೂ ತಗೊಳ್ಳಿ. ಅಮ್ಮನ ಮೇಲೆ ಒಂದು ಹನಿ ಬೀಳಬಾರದು, ಅಷ್ಟೇ," ಎಂದ.

ಆ ಮಾತು ಅವಳಿಗೆ ಇಷ್ಟವಾಯಿತು. ಬಂದವರೆಲ್ಲ 'ನಾಳೆಗೇ ಬೇಕು' ಎನ್ನುವವರೇ.

ಮಾರನೆಯ ದಿನದಿಂದ ಅವನೂ ಮೇಲೆ ಹತ್ತತೊಡಗಿದ... ಅಂಚಿನಲ್ಲೇ! ಅವಳು ಹಳೆಯ ಅಂಟು ಕೆರೆದರೆ ಅವನು ಚೂರುಗಳನ್ನು ಗುಡಿಸುತ್ತಿದ್ದ. ಅವಳು ಸ್ಪಿರಿಟ್ ಹಾಕಿ ಒರೆಸಿದರೆ ಅವನು ಒಣಬಟ್ಟೆ ಕೊಡುತ್ತಿದ್ದ. ಸಂದಿಗಳನ್ನು ಸ್ಕೇಲಿಟ್ಟು ಅಳೆಯುತ್ತಿದ್ದ.

"ಇಲ್ಲಿ ಮೂರೂವರೆ ಮಿಲಿಮೀಟರ್."

"ಮೇಷ್ಟ್ರೇ, ನನಗೆ ಬೆರಳು ಸಾಕು."

"ಬೆರಳು ದಪ್ಪ ಆದ್ರೆ?"

"ಯಾರ ಬೆರಳು ದಪ್ಪ?!"

ಕೆಳಗೆ ನೆರಳಲ್ಲಿ ಕೂತಿದ್ದ ತಾಯಿ ಎಲ್ಲವನ್ನೂ ಕೇಳಿಸಿಕೊಂಡು ಕಣ್ಣು ಮುಚ್ಚಿ ನಗುತ್ತಿದ್ದರು.

ಮೂರನೆಯ ದಿನ ಅಂಟು ಅವಳ ಜಡೆಗೆ ಮೆತ್ತಿಕೊಂಡಿತು. ಅವನು ಕತ್ತರಿ ತಂದು ಒಂದೊಂದೇ ಎಳೆ ಬಿಡಿಸಿ, ಬರದಿದ್ದುದನ್ನಷ್ಟೇ ಕತ್ತರಿಸಿದ. ಅರ್ಧ ಗಂಟೆ ಹಿಡಿಯಿತು. ಅವನ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು... ಬೇಗ ಮುಗಿಯದಿರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಮೂವತ್ತೆರಡು ವರ್ಷದಲ್ಲಿ ಯಾರೂ ಅವಳ ಕೂದಲನ್ನು ಅಷ್ಟು ಜೋಪಾನವಾಗಿ ಮುಟ್ಟಿರಲಿಲ್ಲ.

"ವಾಪಸ್ ಬಂದ ಮೇಲೆ ನಿಮ್ಮ ಅಪ್ಪನ ಹತ್ರ ಮಾತಾಡ್ಲಾ?" ಹಿಂದಿನಿಂದಲೇ ಕೇಳಿದ.

"ಅಪ್ಪನ ಹತ್ರ ಯಾಕೆ? ಕೂದಲು ಯಾರದು?"

ಅವನು ನಕ್ಕ. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಸಿಕ್ಕಿಬೀಳುತ್ತಿದ್ದಳು.

ನಡುವಿನ ಕೊಳೆತ ಹಲಗೆ ಬದಲಾಯಿತು. ಐದನೆಯ ದಿನ ಹಿಂಬದಿಯ ಅಂಚು ಬಿಚ್ಚಿದಾಗ ಅವಳ ಕೈ ನಿಂತುಹೋಯಿತು. ಅಲ್ಲಿಯ ಹಲಗೆಯೂ ನೀರು ಕುಡಿದಿತ್ತು. ಒತ್ತಿದರೆ ಬೆರಳಿಗೆ ಹನಿ ಬರುತ್ತಿತ್ತು. ಕತ್ತರಿಸಿ, ಒಳಗೆಲ್ಲ ಗಾಳಿಯಾಡಿಸಿ ಒಣಗಿಸಲು ಕಡಿಮೆ ಎಂದರೂ ಹತ್ತು ದಿನ. ಒದ್ದೆಯ ಮೇಲೆ ಅಂಟು ಹಾಕಿದರೆ ಮೇಲಿನಿಂದ ನೀರು ಬರದು, ನಿಜ. ಆದರೆ ಒಳಗಿನ ತೇವ ಹೊರಹೋಗಲಾರದೆ ಬೂಷ್ಟಾಗುತ್ತದೆ.

ಮೇಷ್ಟ್ರು ಪೇಟೆಗೆ ಹೋಗಿದ್ದ. ಅವಳು ತಾಯಿಗೆ ವಿಷಯ ಹೇಳಿದಳು.

ಆ ಹೆಂಗಸು ಅವಳ ಅಂಟಿನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹತ್ತು ದಿನ ನನ್ನ ಹತ್ರ ಇದೆಯೋ ಇಲ್ವೋ ಮಗಳೇ... ಡಾಕ್ಟರು ಆರು ತಿಂಗಳ ಹಿಂದೆನೇ ಹೇಳಿಬಿಟ್ಟಿದ್ದಾರೆ. ಹೃದಯ ಪೂರ್ತಿ ಸೋತಿದೆಯಂತೆ."

"ಅಯ್ಯೋ! ಅವರಿಗೆ...?"

"ಅವನಿಗೆ ಗೊತ್ತಾದ್ರೆ ಆಸ್ಪತ್ರೆ ಮಂಚಕ್ಕೆ ಕಟ್ಟಿಹಾಕ್ತಾನೆ. ನಾನು ಸೀಲಿಂಗ್ ಫ್ಯಾನ್ ನೋಡ್ತಾ ಸಾಯಬೇಕು. ನನಗೆ ಸಮುದ್ರ ನೋಡಬೇಕು ಕಣಮ್ಮ. ಮುಚ್ಚಿಬಿಡು. ನಾಳೆ ಹೊರಡ್ತೀವಿ. ಅವನ ಹತ್ರ ಒಂದು ಮಾತೂ ಆಡಬೇಡ. ಸಮಯ ನೋಡಿ ನಾನೇ ಹೇಳ್ತೀನಿ... ನನ್ನಾಣೆ!"

ಅವಳು ಜೀವನದಲ್ಲಿ ಮೊದಲ ಸಲ ಒದ್ದೆ ಹಲಗೆಯ ಮೇಲೆ ಅಂಟು ಹಾಕಿದಳು.

"ಅಮ್ಮಾ, ನೀವು ಮುಂದಿನ ಮಂಚದಲ್ಲೇ ಮಲಗಿ. ವಾಪಸ್ ಬಂದ ದಿನವೇ ಬಿಚ್ಚಿ ಸರಿಮಾಡ್ತೀನಿ," ಎಂದಳು. ತಾಯಿ ಅವಳ ಕೆನ್ನೆ ತಟ್ಟಿದರು.

ಗಾಡಿ ಹೊರಟಿತು. ಮೇಷ್ಟ್ರು ತಿರುವಿನಲ್ಲಿ ಎರಡು ಸಲ ಹಾರ್ನ್ ಮಾಡಿದ. ಅವಳು ಕೈಯೆತ್ತಲೂ ಮರೆತು ನಿಂತಿದ್ದಳು.

ಮೂರು ವಾರಗಳ ಮೇಲೆ ಅವನು ಒಬ್ಬನೇ ಬಂದ.

ಶೆಡ್ಡಿನಲ್ಲಿ ಅಂದು ನಾಲ್ಕೈದು ಗಾಡಿಯವರಿದ್ದರು. ಅಪ್ಪ ಕುರ್ಚಿಯಲ್ಲಿದ್ದರು. ಅವನು ಕೈಯಲ್ಲಿ ಹಿಡಿದಿದ್ದ ಹಲಗೆಯ ತುಂಡನ್ನು ಅವಳ ಕಾಲ ಬುಡಕ್ಕೆ ಎಸೆದ. ಅದು ಕಪ್ಪಗೆ ಬೂಷ್ಟು ಹಿಡಿದಿತ್ತು.

"ಇದೇನು?"

ಅವಳು ಅವನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದಳು. "ಅಮ್ಮ...?"

"ಅಮ್ಮ ಇಲ್ಲ! ಹದಿನಾಲ್ಕನೇ ದಿನ ಬೆಳಿಗ್ಗೆ ಏಳಲೇ ಇಲ್ಲ. ಕೊನೆ ನಾಲ್ಕು ದಿನ ಬರೀ ಕೆಮ್ಮು, ಉಸಿರೇ ಸಿಗ್ತಿರಲಿಲ್ಲ. ಎಲ್ಲ ಮುಗಿಸಿ ಬಂದು, ವಾಸನೆ ಬರ್ತಿದೆ ಅಂತ ಮೇಲಿನ ಹಲಗೆ ಕಿತ್ತು ನೋಡಿದ್ರೆ ಇದು! ಒದ್ದೆ ಇತ್ತು ಅಂತ ನಿನಗೆ ಗೊತ್ತಿತ್ತಾ, ಇಲ್ವಾ? ಅಷ್ಟು ಹೇಳು!"

'ನೀವು' ಎನ್ನುತ್ತಿದ್ದ ಬಾಯಲ್ಲಿ 'ನಿನಗೆ' ಎಂದು ಬಂದದ್ದು ಈ ರೀತಿಯಲ್ಲಿ...

'ಅಂದರೆ ಅಮ್ಮ ಇವರಿಗೆ ಹೇಳಲೇ ಇಲ್ಲ. ಈಗ ನಾನು ಹೇಳಿದರೆ? ತಾಯಿ ತನ್ನಿಂದ ಮುಚ್ಚಿಟ್ಟರು ಎಂದು ಈ ಮನುಷ್ಯ ಇನ್ನೊಮ್ಮೆ ಸಾಯುವುದಿಲ್ಲವೇ? ಆಣೆ ಬೇರೆ ಇದೆ...'

"ಗೊತ್ತಿತ್ತು," ಎಂದಳು.



"ನನ್ನ ಅಮ್ಮನ್ನ ಕೊಂದವಳು ನೀನು!" ಅವನ ಧ್ವನಿ ಒಡೆಯಿತು. "ನಾನು ಎಷ್ಟು ದಿನ ಬೇಕಾದ್ರೂ ಕಾಯ್ತೀನಿ ಅಂದಿದ್ದೆ..."

ಅವನು ಹೋದ. ಗಾಡಿಯವರೂ ಒಬ್ಬೊಬ್ಬರಾಗಿ, ಅವಳ ಮುಖ ನೋಡದೆ, ಎದ್ದು ಹೋದರು.

ಅಪ್ಪ ಮಾತ್ರ ಉಳಿದರು. "ಒದ್ದೆ ಅಂತ ಗೊತ್ತಿದ್ದೂ ಹಾಕಿದ್ಯಾ? ನನ್ನ ಮಗಳು?"

"ಹಾಕಿದೆ ಅಪ್ಪಾ."

"ಯಾಕೆ?"

ಅವಳು ತಲೆ ತಗ್ಗಿಸಿದಳು. ಅಪ್ಪ ಅವಳ ಕೈಯಿಂದ ಅಂಟು ಕೆರೆಯುವ ಉಳಿ ತೆಗೆದುಕೊಂಡರು. ಅಂದಿನಿಂದ ಅಪರೂಪಕ್ಕೆ ಬರುವ ಗಾಡಿಗೆ, ಆ ಸವೆದ ಮೊಣಕಾಲಿನಲ್ಲೇ, ತಾವೇ ಏಣಿ ಹತ್ತಿದರು. ಮೆಟ್ಟಿಲು ಮೆಟ್ಟಿಲಿಗೂ ಹಲ್ಲು ಕಚ್ಚುತ್ತಿದ್ದರು. ಅವಳು ಏಣಿಯ ಬುಡ ಹಿಡಿದು ನಿಲ್ಲುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ಅಪ್ಪ ಬೈಯಲಿಲ್ಲ. ಊಟಕ್ಕೆ ಕೂತರೂ ಮಾತಿಲ್ಲ. ತಟ್ಟೆಯ ಸದ್ದು ಮಾತ್ರ.

ಎರಡು ತಿಂಗಳು ಹೀಗೇ ಕಳೆಯಿತು. ಮಳೆ ಬಂದಾಗೆಲ್ಲ ಅವಳಿಗೆ ಆ ತಾಯಿಯ ಕೈಯ ಬಿಸುಪು ನೆನಪಾಗುತ್ತಿತ್ತು. 'ನಾನು ಮುಚ್ಚದೆ ಹಟ ಹಿಡಿದಿದ್ದರೆ? ಕೆಮ್ಮು ಬೂಷ್ಟಿನಿಂದಲೇ ಬಂದಿದ್ದರೆ...?' ಅವಳಿಗೇ ಗೊತ್ತಿರಲಿಲ್ಲ. ಅದೇ ದೊಡ್ಡ ಹಿಂಸೆ.

ಇತ್ತ ಮೇಷ್ಟ್ರು ಶೆಡ್ಡಿನ ಮೇಲೆ ದೂರು ಕೊಡಲು ಕಾಗದ ಸೇರಿಸುತ್ತಿದ್ದ. ಬೂಷ್ಟಿನಿಂದ ಶ್ವಾಸಕೋಶ ಕೆಟ್ಟಿತ್ತೆಂದು ಬರೆಸಿಕೊಳ್ಳಲು, ತಾಯಿ ಒಬ್ಬರೇ ಹೋಗಿ ತೋರಿಸಿಕೊಳ್ಳುತ್ತಿದ್ದ ಡಾಕ್ಟರ ಬಳಿಗೆ ಹೋದ.

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಶ್ವಾಸಕೋಶನಾ? ನಿಮ್ಮ ತಾಯಿಗಿದ್ದದ್ದು ಹೃದಯದ ಕಾಯಿಲೆ. ಕೊನೆಗೆ ಎದೆಯಲ್ಲಿ ನೀರು ತುಂಬುತ್ತೆ, ಕೆಮ್ಮು ಬರುತ್ತೆ ಅಂತ ನಾನೇ ಅವರಿಗೆ ಹೇಳಿದ್ದೆ. ಮಗನಿಗೆ ನಾನೇ ತಿಳಿಸ್ತೀನಿ ಅಂದಿದ್ರು... ಹೇಳಲಿಲ್ವಾ?"

ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದನೋ ಅವನಿಗೇ ತಿಳಿಯದು.

ಮರುದಿನ ಮಧ್ಯಾಹ್ನ ಧೋ ಎಂದು ಮಳೆ. ಅಪ್ಪ ಒಳಕೋಣೆಯಲ್ಲಿ ಮಲಗಿದ್ದರು. ಅವಳು ಡಬ್ಬಿಗಳನ್ನು ಒರೆಸಿ ಜೋಡಿಸುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ಅವನು ನಿಂತಿದ್ದ. ತಲೆಯಿಂದ ನೀರಿಳಿಯುತ್ತಿತ್ತು.

"ಬೂಷ್ಟಿನಿಂದ ಅಲ್ಲ," ಎಂದ. "ಡಾಕ್ಟರು ಹೇಳಿದ್ರು."

ಅವಳ ಕೈಯಿಂದ ಬಟ್ಟೆ ಜಾರಿತು. ಎರಡು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಉರುಳಿದಂತಾಯಿತು. ಕಲ್ಲು ಹೋದ ಜಾಗದಲ್ಲಿ ಸಿಟ್ಟು ಉಕ್ಕಿತು.

"ಆಯ್ತು. ಇನ್ನು ಹೊರಡಿ."

"ತಪ್ಪಾಯ್ತು. ನಾನು ಆಡಬಾರದ ಮಾತು..."

"ಆಡಿದ್ದಾಯ್ತಲ್ಲ! ಐದು ಜನರ ಮುಂದೆ ಆಡಿದ್ರಿ. ಆ ಐದು ಜನ ಐವತ್ತು ಜನಕ್ಕೆ ಹೇಳಿದ್ರು. ನಮ್ಮಪ್ಪ ಈ ವಯಸ್ಸಲ್ಲಿ ಏಣಿ ಹತ್ತುತ್ತಾರೆ. ನನ್ನ ಜೊತೆ ಮಾತಾಡಲ್ಲ. ತಪ್ಪಾಯ್ತು ಅಂದ್ರೆ ಅದೆಲ್ಲ ವಾಪಸ್ ಬರುತ್ತಾ?"

"ಬರಲ್ಲ," ಎಂದ. ಬಾಗಿಲಿಂದ ಒಳಗೆ ಬರಲಿಲ್ಲ. "ಒಂದು ಮಾತ್ರ ಹೇಳಿ. ಗೊತ್ತಿದ್ದೂ ಯಾಕೆ ಮುಚ್ಚಿದ್ರಿ? ನೀವು ಅಂಥವರಲ್ಲ. ಇದನ್ನ ನಾನು ಆವತ್ತೇ ಕೇಳಬೇಕಿತ್ತು..."

"ಕೇಳಬೇಕಿತ್ತು! ನೀವು ಕೇಳಲಿಲ್ಲ, ಕೂಗಿದ್ರಿ."

ಅವಳು ಗೋಡೆಗೊರಗಿ ನಿಂತಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದಳು... ಹತ್ತು ದಿನ, ಡಾಕ್ಟರ ಮಾತು, ಆಣೆ.

"ಆದ್ರೂ ಕೇಳಿ," ಎಂದಳು ಕೊನೆಗೆ. "ನಾನು ಒದ್ದೆ ಹಲಗೆ ಮುಚ್ಚಿದ್ದು ನಿಜ. ನಿಮ್ಮ ತಾಯಿ ಕೇಳಿದ್ರು ಅಂತ ಅದು ಸರಿಯಾದ ಕೆಲಸ ಆಗಲ್ಲ. ಅದರಲ್ಲಿ ನೀವು ಹೇಳಿದ್ದು ಸುಳ್ಳಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಮೇಷ್ಟ್ರು ಅಳುವುದನ್ನು ಅವಳು ನೋಡಿರಲಿಲ್ಲ. ಮಕ್ಕಳ ಹಾಗೆ, ತಡೆತಡೆದು ಅಳುತ್ತಿದ್ದ.

"ನನ್ನ ಹತ್ರ ಹೇಳೋಕೆ ಆಗದಷ್ಟು... ನಾನು ಅಮ್ಮನಿಗೆ ಅಷ್ಟು ಭಯ ಕೊಟ್ಟಿದ್ನಾ?"

ಅವಳಿಗೆ ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ.

"ಸಮುದ್ರ ನೋಡಿದ್ರಾ ಅವರು?" ಮೆಲ್ಲಗೆ ಕೇಳಿದಳು.

"ಮೂರು ದಿನ. ಬೆಳಿಗ್ಗೆಯಿಂದ ಕತ್ತಲಾಗೋವರೆಗೂ. ಸೀರೆ ನೆರಿಗೆ ಎತ್ತಿ ಹಿಡ್ಕೊಂಡು ನೀರಲ್ಲಿ ನಿಂತಿದ್ರು. ಆ ಹುಡುಗೀನೂ ಕರ್ಕೊಂಡು ಬರಬೇಕಿತ್ತು ಕಣೋ ಅಂದ್ರು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಒಳಕೋಣೆಯ ಬಾಗಿಲು ಕಿರ್ರೆಂದಿತು. ಅಪ್ಪ! ಎಷ್ಟು ಹೊತ್ತಿನಿಂದ ನಿಂತಿದ್ದರೋ... ಕಣ್ಣು ಕೆಂಪಾಗಿತ್ತು.

ಮೇಷ್ಟ್ರು ಕೈ ಮುಗಿದ. "ನಾಳೆಯಿಂದ ಒಬ್ಬೊಬ್ಬ ಗಾಡಿಯವರ ಹತ್ರ ನಾನೇ ಹೋಗಿ, ನಡೆದದ್ದು ನಡೆದ ಹಾಗೆ ಹೇಳಿ ಬರ್ತೀನಿ."

"ಹೇಳು. ಹೇಳಲೇಬೇಕು ನೀನು," ಎಂದರು ಅಪ್ಪ ಒರಟಾಗಿ. "ಅಷ್ಟಕ್ಕೇ ಎಲ್ಲರೂ ವಾಪಸ್ ಬರ್ತಾರೆ ಅಂದ್ಕೋಬೇಡ." ಮಗಳ ಕಡೆ ತಿರುಗಿದರು. "ನೀನು ಹಾಕಬಾರದಿತ್ತು."

"ಹೌದಪ್ಪಾ."

"ನನ್ನ ಹತ್ರನಾದ್ರೂ ಹೇಳಬಹುದಿತ್ತು."

"ಹೌದಪ್ಪಾ..."

ಅಪ್ಪ ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಕುಂಟುತ್ತಾ ಒಳಗೆ ಹೋದರು.

ಹೊರಗೆ ಮಳೆ ನಿಂತಿರಲಿಲ್ಲ. ಅವನು ಇನ್ನೂ ಬಾಗಿಲಲ್ಲೇ ಇದ್ದ.

"ನಿಮ್ಮನ್ನ ಪ್ರೀತಿಸ್ತಾನೇ ಇದ್ದೆ," ಎಂದ ನೆಲ ನೋಡುತ್ತಾ. "ಆವತ್ತು ಆ ಮಾತು ಆಡುವಾಗಲೂ. ಅದಕ್ಕೇ ಅಷ್ಟು ಜೋರಾಗಿ ಬಂತೋ ಏನೋ... ಈಗಲೂ ಪ್ರೀತಿಸ್ತೀನಿ. ಕೇಳೋ ಹಕ್ಕು ಇಲ್ಲ ಅಂತ ಗೊತ್ತು."

ಅವಳು 'ಹೋಗಿ' ಎನ್ನಲು ಬಾಯಿ ತೆರೆದಳು.

"ನನಗೂ ಹಾಗೇ," ಎಂದುಬಿಟ್ಟಳು. "ಆದ್ರೆ ಕೋಪ ಹೋಗಿಲ್ಲ ಮೇಷ್ಟ್ರೇ. ತುಂಬಾ ಇದೆ."

"ಎಷ್ಟು ದಿನ ಇರುತ್ತೆ?"

"ಲೆಕ್ಕ ಹಾಕಿ ಹೇಳೋಕೆ ಇದು ಗಣಿತ ಅಲ್ಲ."

"ಇರಲಿ... ಕಾಯ್ತೀನಿ."

"ಅಲ್ಲೇ ಮಳೇಲಿ ನಿಂತಾ?"

ಅವನು ತಲೆಯೆತ್ತಿದ. ಅವಳು ಕಣ್ಣೊರೆಸಿಕೊಳ್ಳುತ್ತಾ ಒಂದು ಸ್ಟೂಲನ್ನು ಅವನ ಕಡೆ ಕಾಲಿನಿಂದ ತಳ್ಳಿದಳು.

"ಒಳಗೆ ಬನ್ನಿ. ಕೂತು ಕಾಯಿರಿ."