ನಲವತ್ತು ಎಡಗಾಲು

"ನನ್ನ ಕೋಟಿನ ಬಟ್ಟೆ ಕೇಳೋಕೆ ಬಂದೆ."

ಅವಳು ಕತ್ತರಿಯಿಂದ ಕಣ್ಣೆತ್ತಲಿಲ್ಲ. "ಇಲ್ಲಿ ಗಂಡಸರಿಗೆ ಹೊಲಿಯೋದಿಲ್ಲ. ಹೊರಗೆ ಬೋರ್ಡು ಓದಲಿಲ್ವಾ?"

"ಓದಿದೆ. 'ಗಂಡುಬೀರಿ' ಅಂತಿದೆ. ಸರಿಯಾದ ಜಾಗಕ್ಕೇ ಬಂದಿದ್ದೀನಿ ಅಂತ ಗೊತ್ತಾಯ್ತು." ಆತ ಒಳಗೆ ಬಂದು ಟೇಬಲ್ಲಿನ ಆಚೆ ನಿಂತ. "ಬೂದು ಬಣ್ಣ, ಸಣ್ಣ ಗೆರೆ, ಮೂರೂವರೆ ಮೀಟರ್. ಮೂವತ್ತನಾಲ್ಕು ವರ್ಷದ ಹಿಂದೆ ನಿಮ್ಮಪ್ಪನ ಅಂಗಡಿಗೆ ಕೊಟ್ಟಿದ್ದೆ."

ಕತ್ತರಿ ನಿಂತಿತು. ಅದರ ಹಿಂದೆ ಒಂದೊಂದಾಗಿ ಹನ್ನೊಂದು ಮಷೀನುಗಳೂ ನಿಂತವು.

ಆಗ ಅವಳಿಗೆ ಹತ್ತೊಂಬತ್ತು. ಅಪ್ಪನದು ಹೊಲಿಗೆ ಅಂಗಡಿ. ಮನೆಯ ಹೆಂಗಸರು ಒಳಗೆ ಕೂತು ಗುಂಡಿಗೆ ಕಾಜ ಹಾಕಬಹುದಿತ್ತು, ಅಂಚು ಮಡಿಸಬಹುದಿತ್ತು, ಕತ್ತರಿ ಮುಟ್ಟುವ ಹಾಗಿರಲಿಲ್ಲ. ಯಾರೂ ಅವಳನ್ನು ಕೇಳದೆ ಮದುವೆ ಗೊತ್ತಾಯಿತು. ಹನ್ನೊಂದು ದಿನ ಉಳಿದಿದ್ದಾಗ ಗಂಡಿನ ಕೋಟಿನ ಬಟ್ಟೆ ಅಂಗಡಿಗೆ ಬಂತು. ಬೆಳಗಿನ ಜಾವ ಅವಳು ಅಂಗಡಿ ಬೀಗ ತೆಗೆದಳು, ಬಟ್ಟೆಯನ್ನು ಅಪ್ಪನ ಟೇಬಲ್ಲಿನ ಮೇಲೆ ಹಾಸಿದಳು, ಸೀಮೆಸುಣ್ಣದಲ್ಲಿ ಒಂದು ಗೆರೆಯನ್ನೂ ಎಳೆಯದೆ ಕತ್ತರಿಸಿದಳು. ತನಗೊಂದು ಪ್ಯಾಂಟು ಹೊಲಿದುಕೊಂಡಳು. ಬೀದಿಯ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಅದನ್ನು ಹಾಕಿಕೊಂಡು, ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಬಸ್ಸು ಹತ್ತಿದಳು. ಓಡಲಿಲ್ಲ. ಯಾರೋ ಹಿಂದಿನಿಂದ 'ಗಂಡುಬೀರಿ' ಎಂದು ಕೂಗಿದರು. ಆ ಹೆಸರು ಅವಳಿಗೆ ಇಷ್ಟವಾಯಿತು.

ಈಗ ಅವಳಿಗೆ ಐವತ್ತಮೂರು. ನರ್ಸುಗಳಿಗೆ, ಕಂಡಕ್ಟರುಗಳಿಗೆ, ಟಪಾಲು ಹಂಚುವ ಹೆಂಗಸರಿಗೆ ಪ್ಯಾಂಟು ಹೊಲಿಸುತ್ತಾಳೆ. ಪ್ರತಿಯೊಂದಕ್ಕೂ ನಾಲ್ಕು ಜೇಬು, ಕೈ ಮಣಿಕಟ್ಟಿನವರೆಗೆ ಇಳಿಯುವಷ್ಟು ಆಳ.

ಮದುವೆಯ ಗಂಡನ್ನು ಅವಳು ಫೋಟೋದಲ್ಲಿ ಮಾತ್ರ ನೋಡಿದ್ದಳು.

"ಫೋಟೋದಲ್ಲಿ ಕೂದಲಿತ್ತು," ಎಂದಳು.

"ಕೋಟಿಗೆ ಕಾದು ಕಾದು ಉದುರಿಹೋಯ್ತು."

ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಕಾಜದವಳು, ಎಪ್ಪತ್ತರ ಹತ್ತಿರದವಳು, ಬಾಯಿಗೆ ಸೆರಗು ಹಿಡಿದು ನಕ್ಕಳು. "ಮಾತು ಉದುರಿಲ್ಲ ಬಿಡು ಮಾರಾಯಾ. ಕೂತ್ಕೋ, ಟೀ ಕುಡಿ."

ಆತ ಕೂತ. ಮತ್ತೆ ಎರಡು ದಿನ ಬಿಟ್ಟು ಬಂದ. ಆಮೇಲೆ ದಿನವೂ.

ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ ಬಣ್ಣ ನೋಡುವ ಕೆಲಸ ಮಾಡಿದವನು. ಬಟ್ಟೆಯ ಒಂದು ಥಾನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮಂಕಾಗಿದ್ದರೂ ಹಿಡಿಯುತ್ತಿದ್ದ. ಹೆಂಡತಿ ತೀರಿ ಏಳು ವರ್ಷ. "ಮೊದಲ ವರ್ಷ ಎರಡು ತಟ್ಟೆ ತೊಳೀತಿದ್ದೆ," ಎಂದ ಒಮ್ಮೆ. "ಊಟ ಮಾಡಿದ್ದು ಒಂದರಲ್ಲೇ." ಅಷ್ಟೇ ಹೇಳಿದ. ಮಾರನೆಯ ದಿನ ಅವಳು ಟೇಪು ತೆಗೆದುಕೊಂಡು ಎದ್ದಳು.

"ಕೈ ಎತ್ತಿ. ಒಂದೇ ಒಂದು ಕೋಟು. ಇನ್ಯಾರಿಗೂ ಹೇಳಬಾರದು. ಉಸಿರು ಬಿಡಿ."

"ಬಿಟ್ರೆ ಹೊಟ್ಟೆ ಕಾಣುತ್ತೆ."

"ಅದಕ್ಕೇ ಬಿಡಿ ಅಂದದ್ದು."

ಟೇಪು ಎದೆಯನ್ನು ಸುತ್ತಿ ಬಂತು. ಅವಳ ಬೆರಳು ಅಂಗಿಯ ಎರಡನೆಯ ಗುಂಡಿಯ ಮೇಲೆ ನಿಂತಿತು. ಆತ ಚಾವಣಿ ನೋಡುತ್ತಿದ್ದ, ಕಿವಿ ಕೆಂಪಾಗಿತ್ತು. ಅವಳು ಅಂಕಿ ಓದಿದಳು, ಪುಸ್ತಕ ತೆರೆಯುವಷ್ಟರಲ್ಲಿ ಮರೆತಳು.

"ಇನ್ನೊಂದ್ಸಲ."

"ಅಳೆ ಕಣೇ, ಅಳೆ," ಎಂದಳು ದೊಡ್ಡಮ್ಮ. "ಬೇಕಾದ್ರೆ ನಾವೆಲ್ಲ ಹೊರಗೆ ನಿಲ್ತೀವಿ."

ತಪ್ಪಾದದ್ದು ಮಂಗಳವಾರ.

ಹೊಸ ಆಸ್ಪತ್ರೆಯ ನರ್ಸುಗಳಿಗೆ ಕಡುನೀಲಿ ಪ್ಯಾಂಟು, ಶನಿವಾರ ಕೊಡಬೇಕು. ಬಟ್ಟೆಯನ್ನು ಮುಖಕ್ಕೆ ಮುಖ, ಒಳ್ಳೆಯ ಬದಿಗೆ ಒಳ್ಳೆಯ ಬದಿ ಸೇರಿಸಿ ಪದರ ಪದರವಾಗಿ ಹಾಸಬೇಕು. ಆಗ ಒಂದೇ ಕತ್ತರಿಗೆ ಒಂದು ಎಡಗಾಲು, ಒಂದು ಬಲಗಾಲು ಬರುತ್ತದೆ. ಹಾಸುವ ಕೆಲಸವನ್ನು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಆ ಬೆಳಿಗ್ಗೆ ಆತ ಕಿಟಕಿಯ ಬಳಿ ನಿಂತು ಎರಡು ತುಂಡು ಬಟ್ಟೆಯನ್ನು ಬೆಳಕಿಗೆ ಹಿಡಿದಿದ್ದ. ಕಣ್ಣು ಕಿರಿದು ಮಾಡಿ, ತುಟಿಯನ್ನು ಸ್ವಲ್ಪ ಮುಂದೆ ತಂದು, ಶಾಲೆಯ ಹುಡುಗನ ಹಾಗೆ. ಅವಳು ಹಾಸುತ್ತಾ ಹೋದಳು. ನಲವತ್ತು ಪದರ. ಎಲ್ಲದರ ಮುಖವೂ ಮೇಲೆ.

ಕತ್ತರಿಸಿದ ಮೇಲೆ ದೊಡ್ಡಮ್ಮ ಎರಡು ತುಂಡು ಎತ್ತಿ ಜೋಡಿಸಿದಳು. ತಿರುಗಿಸಿದಳು. ಮತ್ತೆ ಜೋಡಿಸಿದಳು.

"ಲೇ, ಆ ನರ್ಸುಗಳಿಗೆಲ್ಲ ಎರಡೂ ಎಡಗಾಲೇನೇ?"

ಒಬ್ಬಳು ನಕ್ಕಳು. ಉಳಿದವರು ನಗದೇ ಇದ್ದುದನ್ನು ಕಂಡು ಸುಮ್ಮನಾದಳು.

ಇಪ್ಪತ್ತು ಬಲಗಾಲು ಬೇಕು. ಅದೇ ಬಣ್ಣದ ಬಟ್ಟೆ ಒಂದು ಮೊಳವೂ ಉಳಿದಿರಲಿಲ್ಲ. ಗಿರಣಿಗೆ ಫೋನು ಮಾಡಿದರೆ, ಆ ಬಾರಿ ಬಣ್ಣ ಹಾಕಿದ ಥಾನೆಲ್ಲ ಮುಗಿದಿದೆ, ಮುಂದಿನದಕ್ಕೆ ಹನ್ನೆರಡು ದಿನ ಎಂದರು.

ಆತ ಹತ್ತಿರ ಬಂದ. ದನಿ ತಗ್ಗಿಸಿದ. "ಇದಕ್ಕೆ ದಾರಿ ಇದೆ. ಬಣ್ಣದಲ್ಲಿ ಏರುಪೇರಿತ್ತು, ಗಿರಣಿಯದೇ ತಪ್ಪು ಅಂತ ನಾನೊಂದು ಕಾಗದ ಬರೆದುಕೊಡ್ತೀನಿ. ನನ್ನ ಸಹಿಗೆ ಇನ್ನೂ ಬೆಲೆಯಿದೆ. ಆಸ್ಪತ್ರೆಯವರು ಕಾಯ್ತಾರೆ. ನಿಮ್ಮ ಹೆಸರೂ ಉಳಿಯುತ್ತೆ."

"ಬಣ್ಣದಲ್ಲಿ ಏರುಪೇರಿತ್ತಾ?"

"ಇಲ್ಲ."

"ಹಾಗಾದ್ರೆ?"

"ಒಂದು ಸಣ್ಣ ಸುಳ್ಳು. ಯಾರಿಗೆ ನಷ್ಟ?"

ಅವಳು ಫೋನು ಕೈಗೆತ್ತಿಕೊಂಡಳು. "ಹತ್ತೊಂಬತ್ತನೇ ವಯಸ್ಸಲ್ಲಿ ಹಿಂದಿನ ಓಣಿಯಿಂದ ತಪ್ಪಿಸಿಕೊಂಡು ಹೋಗಬಹುದಿತ್ತು ನಾನು. ಎಲ್ಲರ ಎದುರಿಗೇ ಹೋದೆ. ಈ ಬೋರ್ಡು ನಿಂತಿರೋದು ಅದರ ಮೇಲೆ. ಈಗ ಹಿಂಬಾಗಿಲು ಹುಡುಕಲಾ?"

ಎಲ್ಲರಿಗೂ ಕೇಳುವ ಹಾಗೆ ಆಸ್ಪತ್ರೆಯ ಹಿರಿಯ ನರ್ಸಿಗೆ ಫೋನು ಮಾಡಿದಳು. "ತಪ್ಪು ನನ್ನದು, ಮೇಡಂ. ಬಟ್ಟೆ ಹಾಸುವಾಗ ನನ್ನ ಗಮನ ಬೇರೆ ಕಡೆ ಇತ್ತು." ಆ ಕಡೆಯಿಂದ ಉತ್ತರ ಚಿಕ್ಕದಾಗಿ ಬಂತು. ಹೇಳಿದ್ದು ಒಳ್ಳೆಯದಾಯಿತು, ಆದರೆ ಕಾಯುವುದಕ್ಕಾಗುವುದಿಲ್ಲ, ಆರ್ಡರು ಬೇರೆಯವರಿಗೆ ಹೋಗುತ್ತದೆ.

ಫೋನು ಇಟ್ಟಳು. ಕೈಯನ್ನು ಜೇಬಿನಲ್ಲಿಳಿಸಿದಳು.

"ಗಮನ ಬೇರೆ ಕಡೆ ಇತ್ತು," ಎಂದ ಆತ ಮೆಲ್ಲಗೆ.

"ಹೌದು. ಎಲ್ಲಿತ್ತು ಅಂತ ಇಲ್ಲಿರೋ ಹನ್ನೆರಡು ಜನಕ್ಕೂ ಗೊತ್ತು. ನಿಮಗೊಬ್ಬರಿಗೇ ಬಿಡಿಸಿ ಹೇಳಬೇಕಾ? ನಿಮ್ಮ ಮೇಲೆ ಮನಸ್ಸಾಗಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ನನ್ನ ಕತ್ತರಿ ದಾರಿ ತಪ್ಪಿದ್ದಕ್ಕೆ ಮಾತ್ರ ಸಿಟ್ಟಿದೆ."

ಆತ ಸ್ಟೂಲಿನ ಮೇಲೆ ಕುಸಿದ. ಸಂತೋಷಪಟ್ಟವನ ಮುಖ ಅದಾಗಿರಲಿಲ್ಲ.

"ಹಾಗಾದ್ರೆ ನಂದೂ ಕೇಳಿ. ಅವತ್ತು ನೀವು ಹೋದ ಮೇಲೆ ನಾನೊಂದು ಕಥೆ ಕಟ್ಟಿದೆ. ಹಿಂದಿನ ದಿನವೇ ಹುಡುಗಿಗೆ ಗುಟ್ಟಾಗಿ ನೀನು ಬೇಡ ಅಂತ ಹೇಳಿಕಳಿಸಿದ್ದೆ, ಆ ಅವಮಾನಕ್ಕೆ ಊರು ಬಿಟ್ಟಳು ಅಂತ. ನಿಮ್ಮಪ್ಪನಿಗೂ ಅದನ್ನೇ ಹೇಳಿದೆ. ಎಲ್ಲರೂ ನಂಬಿದ್ರು. ಮೊದಲ ದಿನವೇ ಹೇಳೋಣ ಅಂತ ಬಂದಿದ್ದೆ. ನೀವು ತಮಾಷೆ ಮಾಡಿದ್ರಿ, ನಾನೂ ಮಾಡಿದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅಪ್ಪ ಸಾಯುವವರೆಗೂ ಕಾಗದ ಬರೆಯಲಿಲ್ಲ. ಅವಳು ಅದನ್ನು ಸಿಟ್ಟು ಅಂದುಕೊಂಡಿದ್ದಳು, ಒಳಗೊಳಗೇ ಹೆಮ್ಮೆಯನ್ನೂ ಪಟ್ಟಿದ್ದಳು. ಅದು ಕನಿಕರವಾಗಿತ್ತು, ಗಂಡು ಬೇಡವೆಂದ ಮಗಳಿಗೆ ಏನೆಂದು ಬರೆಯುವುದು ಎಂಬ ಕನಿಕರ.

"ನಾನೇ ಬೇಡ ಅಂತ ಎದ್ದು ಹೋದದ್ದನ್ನೇ ಕದ್ದುಬಿಟ್ರಲ್ರೀ," ಎಂದಳು. "ಕೋಟಿನ ಬಟ್ಟೆ ಕದ್ದವಳು ನಾನು ಅಂದುಕೊಂಡಿದ್ದೆ."

"ಏನು ಮಾಡ್ಲಿ ಹೇಳಿ."

"ಅಪ್ಪನ ಅಂಗಡಿಯಲ್ಲಿ ಈಗ ಅಣ್ಣ ಕೂರ್ತಾನೆ. ನಂಬರು ಕೊಡ್ತೀನಿ. ಎಲ್ಲರಿಗೂ ಕೇಳೋ ಹಾಗೆ ಹೇಳಿ."

ಆತ ಫೋನಿನ ಸ್ಪೀಕರ್ ಹಾಕಿ ಹೇಳಿದ. ದನಿ ಎರಡು ಸಲ ಒಡೆಯಿತು, ನಿಲ್ಲಿಸಲಿಲ್ಲ. 'ಅವರೇ ನನ್ನನ್ನ ಬೇಡ ಅಂದದ್ದು. ನಾನು ಸುಳ್ಳು ಹೇಳಿದೆ.' ಆ ಕಡೆ ಮಷೀನಿನ ಸದ್ದು ನಿಂತಿತು.

"ಅವಳು ಅಲ್ಲಿದ್ದಾಳಾ?"

"ಇದ್ದೀನಿ ಅಣ್ಣ."

"ಅವತ್ತು ಟೇಬಲ್ ಕೆಳಗೆ ಬಿದ್ದಿದ್ದ ಚೂರುಗಳನ್ನ ಅಪ್ಪ ಆಯ್ದು ನೋಡಿದ್ರು ಕಣೇ. ಒಂದು ಬೆರಳಗಲವೂ ಪೋಲಾಗಿರಲಿಲ್ಲ. 'ಈ ಕೈಗೆ ಕತ್ತರಿ ಕೊಡಬೇಕಿತ್ತು' ಅಂದ್ರು. ಅವಮಾನದಲ್ಲಿ ಕತ್ತರಿಸಿದ ಕೈ ಅಲ್ಲ ಇದು ಅಂತ ನನಗೆ ಆಗಲೇ ಅನ್ನಿಸಿತ್ತು. ಕೇಳೋ ಧೈರ್ಯ ಬರಲಿಲ್ಲ."

ಅವಳು ಅಳಲಿಲ್ಲ. ದೊಡ್ಡಮ್ಮ ಅತ್ತಳು, ಜೋರಾಗಿ.

ಮಧ್ಯಾಹ್ನ ಅವಳು ಚೀಲ ಹೆಗಲಿಗೇರಿಸಿದಳು. ಕೈಯಲ್ಲಿರುವ ಎಡಗಾಲುಗಳಿಗೆ ಸರಿಹೊಂದುವ ಬಟ್ಟೆ ಹುಡುಕಬೇಕು, ಆಮೇಲೆ ಕೊಳ್ಳುವ ಹೆಂಗಸರನ್ನೂ. ಬಾಗಿಲಲ್ಲಿ ತಿರುಗಿ ನೋಡಿದಳು. ಆತ ಇನ್ನೂ ಸ್ಟೂಲಿನ ಮೇಲೇ ಇದ್ದ.

"ಬರ್ತೀರಾ? ಬಣ್ಣ ನೋಡೋಕೆ ಕಣ್ಣು ಬೇಕು."

"ಸಿಟ್ಟು?"

"ಇದೆ. ಬಹಳ ದಿನ ಇರುತ್ತೆ. ಸಿಟ್ಟಿದ್ದಾಗ ಜೊತೆಗೆ ನಡೀಬಾರದು ಅಂತ ಯಾರು ಹೇಳಿದ್ದು?"

ಆತ ಎದ್ದು ಬಂದ. ಹೊಸ್ತಿಲಲ್ಲಿ ನಿಂತು ಕೇಳಿದ, "ಮುಂದೆ ಮದುವೆ ಅಂತ..."

"ಈ ಸಲ ನನ್ನನ್ನೇ ಕೇಳ್ತಿದ್ದೀರಿ, ಸಂತೋಷ. ಮದುವೆ ಬೇಡ. ಮನೆ ನನ್ನದು, ಬೋರ್ಡು ನನ್ನದು. ಸಂಜೆಗಳು ಇಬ್ಬರದೂ ಆಗಲಿ."

"ಆಗಲಿ," ಎಂದ ಆತ. ಒಂದು ಕ್ಷಣವೂ ತಡಮಾಡಲಿಲ್ಲ.

ಬೀದಿಯಲ್ಲಿ ಊಟದ ಹೊತ್ತಿನ ಜನ. ಔಷಧಿ ಅಂಗಡಿಯವನು, ಬ್ಯಾಂಕಿನ ಕಾವಲುಗಾರ, ಬಸ್ಸಿಗೆ ನಿಂತ ಸಾಲು. ಅವಳು ಆತನ ಕೈ ಹಿಡಿದು ಬೆರಳುಗಳ ನಡುವೆ ಬೆರಳು ಸೇರಿಸಿದಳು.

"ಎಲ್ಲರೂ ನೋಡ್ತಿದ್ದಾರೆ," ಎಂದ ಆತ.

"ನೋಡಲಿ. ಈ ಸಲ ಯಾರೂ ಬೇರೆ ಕಥೆ ಕಟ್ಟೋಕಾಗಲ್ಲ."