ಮನೆ ನೋಡಲು ಬಂದವನು

ಬಾಗಿಲು ತೆರೆದ ಶುಭಾಂಗಿಯ ಕೈ ಚಿಲಕದ ಮೇಲೆಯೇ ನಿಂತುಬಿಟ್ಟಿತು.

ಅವನೇ... ಭರತೇಶ!

ಎರಡು ವರ್ಷದ ಹಿಂದೆ ಇದೇ ಹಾಲಿನಲ್ಲಿ ಕುಳಿತು, ಅವಳು ಕೊಟ್ಟ ಚಹಾ ಕುಡಿದು ಹೋಗಿದ್ದವನು. ಅಂದು ಹೆಣ್ಣು ನೋಡಲು ಬಂದಿದ್ದವನು ಇಂದು ಮನೆ ನೋಡಲು ಬಂದಿದ್ದ.

"ಬರ್ರಿ ಡಾಕ್ಟರ್ ಸಾಹೇಬ್ರ, ಒಳಗ ಬರ್ರಿ!" ಎನ್ನುತ್ತ ದಲ್ಲಾಳಿ ಶಿವಾನಂದ ಅವಳನ್ನು ದಾಟಿಕೊಂಡೇ ಒಳಗೆ ಬಂದ. "ಒಂದ ಬೆಡ್‌ರೂಮು, ಹಾಲು, ಕಿಚನ್. ಎರಡನೇ ಮಾಳಿಗಿ, ಹೊಳಿ ನೀರಿನ ಅಂಜಿಕಿ ಇಲ್ಲ. ಗೋಕಾಕದಾಗ ಈಗ ಈ ಓಣಿಗಿ ಭಾಳ ಡಿಮ್ಯಾಂಡ್ ಐತ್ರಿ!"

ಶುಭಾಂಗಿ ಗೋಡೆಗೆ ಸರಿದು ನಿಂತಳು. 'ಜಿನೇಶ್ವರಾ... ಅಂದು ನಾನು ಇವನಿಗೆ ಬೇಡವಾದೆ. ಇಂದು ನನ್ನ ತಲೆಯ ಮೇಲಿನ ಸೂರು ಬೇಕಾಯಿತೇ?'

ಬೇರೆ ಯಾರೇ ಬಂದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಹೊಳೆಯ ನೀರು ನುಗ್ಗಿ ಹಳೆಯ ಮನೆ ಬಿದ್ದ ಮೇಲೆ ಅಪ್ಪ ಈ ಫ್ಲ್ಯಾಟ್ ಕೊಂಡಿದ್ದರು, ಮಗ ಅರಿಹಂತನ ಹೆಸರಿನಲ್ಲಿ. ಅಪ್ಪ ತೀರಿಕೊಂಡರು. ಅವ್ವ ಪದ್ಮವ್ವನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು. ಅರಿಹಂತ ಹೆಂಡತಿ ಸರಿತಾಳೊಂದಿಗೆ ಸಾಂಗ್ಲಿ ಸೇರಿದ. ಅವ್ವನ ಮಂಚದ ಬದಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಓಣಿಯವರ ಬ್ಲೌಸು ಹೊಲಿಯುತ್ತ ಉಳಿದವಳು ಶುಭಾಂಗಿ.

ಆ ಓಣಿಯೂ ಈಗ ಮೊದಲಿನಂತಿರಲಿಲ್ಲ. ಮರದ ಗೊಂಬೆಗಳಿಗೆ ಬಣ್ಣ ಹಚ್ಚಿ ಕಟ್ಟೆಯ ಮೇಲೆ ಒಣಗಿಸುತ್ತಿದ್ದ ಹಂಚಿನ ಮನೆಗಳು ಒಂದೊಂದಾಗಿ ನೆಲಕ್ಕುರುಳಿ, ಮೊಬೈಲ್ ಅಂಗಡಿ, ಕೋಚಿಂಗ್ ಕ್ಲಾಸುಗಳು ಎದ್ದಿದ್ದವು. ಇಂಥ ಜಾಗದ ಫ್ಲ್ಯಾಟ್ ಸುಮ್ಮನೆ ಯಾಕೆ ಇಟ್ಟುಕೊಳ್ಳಬೇಕು ಎಂದಿದ್ದ ಅಣ್ಣ. ಅವ್ವ ಸಾಂಗ್ಲಿಯ ಯಾವುದೋ ಆಶ್ರಮಕ್ಕೆ, ತಂಗಿ ಲೇಡೀಸ್ ಹಾಸ್ಟೆಲಿಗೆ... ಎಲ್ಲ ಅವನೇ ನಿರ್ಧರಿಸಿಯಾಗಿತ್ತು. 'ಬೇಡ' ಎನ್ನಲು ಅವಳಿಗೆ ಯಾವ ಹಕ್ಕಿತ್ತು?

ಫೋನ್ ಬಂತೆಂದು ಶಿವಾನಂದ ಮೆಟ್ಟಿಲ ಕಡೆಗೆ ಹೋದ. ಭರತೇಶ ಗೋಡೆ ನೋಡಲಿಲ್ಲ, ಕೋಣೆ ನೋಡಲಿಲ್ಲ. ತಲೆ ತಗ್ಗಿಸಿ ನಿಂತೇ ಇದ್ದ.

ಕಿಟಕಿಯ ಬಳಿ ಮಲಗಿದ್ದ ಪದ್ಮವ್ವ ಅವನನ್ನು ಕಂಡಳು. ಅವಳ ಕಣ್ಣು ತುಂಬಿ ಬಂತು. ಎಡಗೈ ಎತ್ತಿ, "ಬ್ಯಾಡ... ಬ್ಯಾಡ..." ಎಂದಳು.

ಭರತೇಶನ ಮುಖ ಬಾಡಿಹೋಯಿತು. "ತಪ್ಪಾತ್ರಿ. ನಾ ಬರಬಾರದಿತ್ತು. ಅವ್ವಾರಿಗೆ ಇನ್ನೂ ನನ್ನ ಮ್ಯಾಲೆ ಸಿಟ್ಟ ಐತಿ," ಎಂದು ಹೊರಡಲು ತಿರುಗಿದ.

ಶುಭಾಂಗಿಗೆ ತಡೆಯಲಾಗಲಿಲ್ಲ. "ಸಿಟ್ಟಾ? ನನ್ನ ಒಲ್ಲೆ ಅಂದಾವ್ರು ನೀವು! ಈಗ ಅವ್ವನ ಮ್ಯಾಲೆ ಯಾಕ ಹಾಕ್ತೀರಿ?"

"ನಾನಾ?" ಅವನು ದಿಗ್ಭ್ರಮೆಗೊಂಡು ನಿಂತ. "ನಾ ಯಾವಾಗ ಒಲ್ಲೆ ಅಂದೆನ್ರಿ? ಅವತ್ತ ಕಾಲಿಗಿ ಬೀಳಾಕ ಹೋದಾಗ ಅವ್ವಾರು ಹಿಂಗ ಬ್ಯಾಡ ಬ್ಯಾಡ ಅಂತ ಅತ್ತರು. ಮರುದಿನ ನಿಮ್ಮ ಅಣ್ಣಾರು ಹುಕ್ಕೇರಿಗಿ ನಮ್ಮ ಮನಿಗಿ ಫೋನ್ ಮಾಡಿ, ಹುಡುಗಿಗೂ ಮನಸಿಲ್ಲ, ಅವ್ವಗೂ ಇಲ್ಲ, ಮತ್ತ ಬರಬ್ಯಾಡ್ರಿ ಅಂದ್ರು!"

ಶುಭಾಂಗಿ ಅವ್ವನತ್ತ ತಿರುಗಿದಳು.

ಒಳಗೆ ಹೋಗಿ, ಆರಿದ ಚಹಾವನ್ನು ಬಸಿಗೆ ಸುರಿದು ತಂದಳು. "ಅವ್ವಾ, ಚಾ ಕುಡಿತಿ?"

"ಬ್ಯಾಡ, ಬ್ಯಾಡ," ಎನ್ನುತ್ತಲೇ ಪದ್ಮವ್ವ ಆಸೆಯಿಂದ ಬಾಯಿ ಮುಂದೆ ತಂದಳು. ಬಸಿ ಬರಿದಾಗುವವರೆಗೆ ಕುಡಿದಳು.

"ಲಕ್ವಾ ಹೊಡದಾಗಿಂದ ಅವ್ವನ ಬಾಯಾಗ ಇದೊಂದ ಶಬ್ದ ಉಳದೈತ್ರಿ," ಎಂದು ಶುಭಾಂಗಿ ಅವ್ವನ ಬಾಯಿ ಒರೆಸಿದಳು. "ಹಸಿವಾದ್ರೂ ಇದ, ಖುಷಿ ಆದ್ರೂ ಇದ. ನಿಮಗ ಯಾರೂ ಹೇಳಿರಲಿಲ್ಲೇನು?"

"ಅರಾಮಿಲ್ಲ ಅಂದಿದ್ರು... ಅಷ್ಟ."

ಭರತೇಶ ಮಂಚದ ಬಳಿ ಮಂಡಿಯೂರಿ ಕುಳಿತ. "ನಾ ದನದ ಡಾಕ್ಟರ. ಮಾತ ಬರದ ಜೀವದ ನೋವು ತಿಳ್ಕೊಳ್ಳೂದ ನನ್ನ ಕೆಲಸ. ಇವರ ಕಣ್ಣ ನೋಡಿದ್ರ ಅವತ್ತ ತಿಳೀತಿತ್ತು. ನಾ ನೋಡಲಿಲ್ಲ..."

ಪದ್ಮವ್ವ ಅವನ ಬೆರಳು ಹಿಡಿದುಕೊಂಡಳು. ಬಿಡಲೇ ಇಲ್ಲ.

ಹೊರಡುವಾಗ ಅವನು ಒಂದೇ ಮಾತು ಹೇಳಿದ: "ಈ ಮನಿ ನಾನ ತಗೋತೇನಿ. ನೀವಿಬ್ಬರೂ ಎಲ್ಲೂ ಹೋಗಬ್ಯಾಡ್ರಿ."

ಅಂದು ಎಷ್ಟೋ ದಿನದ ಮೇಲೆ ಶುಭಾಂಗಿಯ ಎದೆಯಲ್ಲಿ ಆಸೆ ಹುಟ್ಟಿತು. ಆ ಆಸೆಗೆ ಅವಳು ಹೆದರಿದಳು ಕೂಡ.

ಸಂಜೆ ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣಾ, ಭರತೇಶ ಅವರಿಗೆ ಅವತ್ತ ಏನ ಹೇಳಿದ್ದಿ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಶುಭಾ... ನೀ ಮದುವಿ ಮಾಡ್ಕೊಂಡ ಹೋಗಿದ್ರ ಅವ್ವನ್ನ ಎಲ್ಲಿ ಇಡ್ಲಿ ನಾ? ಸರಿತಾ ಖಡಾಖಂಡಿತ ಒಲ್ಲೆ ಅಂದ್ಲು. ನನಗ ಬ್ಯಾರೆ ದಾರಿ ಕಾಣಲಿಲ್ಲ." ಅರಿಹಂತ ಅಳುತ್ತಿದ್ದ. "ಫ್ಲ್ಯಾಟಿಂದು ಇವತ್ತ ಕೋಚಿಂಗ್ ಕ್ಲಾಸಿನವರ ಜೋಡಿ ಮಾತ ಮುಗಿಸಿ ಮುಂಗಡಾ ತಗೊಂಡೇನಿ. ಇನ್ನ ನನ್ನ ಕೈಯಾಗಿಲ್ಲ."

ಬಯ್ಯಬೇಕೆಂದುಕೊಂಡಿದ್ದಳು. ಫೋನ್ ಕೆಳಗಿಟ್ಟಳು. ತನ್ನ ಎರಡು ವರ್ಷ ಹೋಯಿತು, ಕೇಳಲು ಹೋದರೆ ಅಳುವವನೂ ಅವನೇ!

ಭರತೇಶ ಸಾಂಗ್ಲಿಗೆ ಹೋದ. ಅರಿಹಂತನೆದುರು ಕೈ ಮುಗಿದ. ಕೋಚಿಂಗ್ ಕ್ಲಾಸಿನವರನ್ನೂ ಕಂಡ. ಯಾರೂ ಒಪ್ಪಲಿಲ್ಲ.

ಅವನು ಮರಳಿ ಬಂದಾಗ ಹಾಲಿನಲ್ಲಿ ಇಬ್ಬರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. "ಕಿಚನ್ ಗ್ವಾಡಿ ಒಡದ್ರ ಇನ್ನೂ ಒಂದ ಬ್ಯಾಚ್ ಕುಂದರಸಬಹುದು," ಎಂದ ಒಬ್ಬ. ಇನ್ನೊಬ್ಬ ಪದ್ಮವ್ವನತ್ತ ನೋಡಿ, "ಅಕ್ಕಾರ, ಈ ಮಂಚ ಯಾವಾಗ ತಗೀತೀರಿ?" ಎಂದ.

ಅವ್ವ ಕಣ್ಣು ಮುಚ್ಚಿಕೊಂಡಳು. ಶುಭಾಂಗಿ ಸೆರಗಿನಿಂದ ಅವಳ ಮುಖ ಒರೆಸಿದಳು. ಬೇರೇನು ಮಾಡಲು ಸಾಧ್ಯವಿತ್ತು?

ಅವರು ಇಳಿದು ಹೋದ ಮೇಲೆ ಭರತೇಶ ಹೇಳಿದ: "ಆಗಲಿಲ್ರಿ ಶುಭಾಂಗಿ. ಮನಿ ಉಳಿಸ್ತೇನಿ ಅಂದಿದ್ದೆ... ನನ್ನ ಕೈಲೆ ಆಗಲಿಲ್ಲ."

"ಹೋಗ್ಲಿ ಬಿಡ್ರಿ. ನೀವರೆ ಏನ ಮಾಡ್ತೀರಿ."

"ಮೂಡಲಗ್ಯಾಗ ನನ್ನ ದವಾಖಾನಿ, ಅಲ್ಲೆ ನಂದೊಂದು ಬಾಡಿಗಿ ಮನಿ ಐತಿ. ಮೆಟ್ಟಲಾ ಇಲ್ಲ. ಅವ್ವಾರ ಮಂಚ ಪಡಸಾಲ್ಯಾಗ ಹಾಕಬಹುದು." ಅವನು ತೊದಲಿದ. "ನೀವು ನನ್ನ ಮದುವಿ ಆದ್ರ..."

ಶುಭಾಂಗಿ ಬಿಕ್ಕಿದಳು. "ಕನಿಕರಕ್ಕ ಮದುವಿ ಆಗಬ್ಯಾಡ್ರಿ! ನನ್ನ ಹಿಂದ ಅವ್ವ ಅದಾಳ. ಮಲಗಿದಲ್ಲೆ ಎಲ್ಲಾ ಮಾಡಬೇಕು. ನಾಲ್ಕ ದಿನಕ್ಕ ನಿಮಗ ಬ್ಯಾಸರಾದ್ರ ನಾವಿಬ್ಬರೂ ಎಲ್ಲಿ ಹೋಗೂಣು?"

"ಖರೆ ಹೇಳ್ಲಿ? ನಾ ಮನಿ ತಗೊಳ್ಳಾಕ ಬಂದಿರಲಿಲ್ಲ."

ಅವಳು ತಲೆ ಎತ್ತಿದಳು.

"ಶಿವಾನಂದ ಈ ಓಣಿ ಹೆಸರ ಹೇಳಿದ ಕೂಡ್ಲೆ ಎದಿ ಧಸಕ್ ಅಂತು. ನೀವು ಮದುವ್ಯಾಗಿ ಹೋಗಿದ್ರ ಖಾಲಿ ಮನಿ ನೋಡಿ ಮನಸಿಗಿ ಸಮಾಧಾನ ಹೇಳ್ಕೊಳ್ಳೂಣು ಅಂತ ಬಂದೆ. ಬಾಗಲಾ ತಗದಾವ್ರು ನೀವು..." ಅವನ ಕಣ್ಣು ಒದ್ದೆಯಾಗಿತ್ತು. "ಎರಡ ವರ್ಷ ಮರಿಯಾಕ ನೋಡೇನಿ. ಆಗವಲ್ದು. ಕನಿಕರ ಅಲ್ಲರಿ ಇದು. ನಿಮ್ಮನ್ನ ಬಿಟ್ಟಿರಾಕ ನನಗ ಬರೂದಿಲ್ಲ."

ಶುಭಾಂಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. 'ನನಗೂ ಬರುವುದಿಲ್ಲ' ಎಂದುಕೊಂಡಳು. ಅವಳು ಅವನ ಭುಜಕ್ಕೆ ಹಣೆ ಆನಿಸಿದಳು. ಅವನಿಗೆ ಅದೇ ಸಾಕಾಗಿತ್ತು.

ಫ್ಲ್ಯಾಟ್ ಮಾರಾಟವಾಯಿತು. ಅಡುಗೆಮನೆಯ ಗೋಡೆ ಒಡೆದರೆಂದು ಯಾರೋ ಹೇಳಿದರು. ಶುಭಾಂಗಿ ನೋಡಲು ಹೋಗಲಿಲ್ಲ. ಬಸದಿಯಲ್ಲಿ ನಡೆದ ಪುಟ್ಟ ಮದುವೆಗೆ ಅರಿಹಂತ ಬಂದು ಹಿಂದೆಯೇ ನಿಂತಿದ್ದ. ಅಕ್ಷತೆ ಹಾಕಿ, ಅವ್ವನ ಕಾಲು ಮುಟ್ಟಿ, ಊಟಕ್ಕೂ ನಿಲ್ಲದೆ ಹೋದ. ತಡೆಯಬೇಕೋ ಬೇಡವೋ ತಿಳಿಯದೆ ಅವಳು ನೋಡುತ್ತ ನಿಂತಳು.

ಮೂಡಲಗಿಯಲ್ಲಿ ಒಂದು ಮಧ್ಯಾಹ್ನ. ಪಡಸಾಲೆಯಲ್ಲಿ ಅವ್ವನ ಮಂಚದ ಪಕ್ಕ ಕುಳಿತಲ್ಲೇ ಶುಭಾಂಗಿ ತೂಕಡಿಸುತ್ತಿದ್ದಳು. ಕುಲಗೋಡದಲ್ಲಿ ಎಮ್ಮೆಯೊಂದರ ಹೆರಿಗೆ ಮಾಡಿಸಿ ಬಂದ ಭರತೇಶ, ಕೈಕಾಲು ತೊಳೆದು ಅವಳ ಎದುರು ನಿಂತ.

"ಒಳಗ ಹೋಗಿ ಮಲಕೊ. ಅವ್ವನ ಕಡೆ ನಾ ಕುಂದರ್ತೇನಿ."

ಅವಳು ಗಡಬಡಿಸಿ ಎದ್ದಳು. "ನೀವು ದಣದ ಬಂದೀರಿ..."

"ನೀ ನನಕಿಂತ ಭಾಳ ದಣದಿ ಶುಭಾ."

ಈ ಮಾತನ್ನು ಅವಳಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಕಣ್ಣು ತುಂಬಿಕೊಂಡಿತು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಎಷ್ಟೊತ್ತ ಮಲಗ್ಲಿ?"

"ತಾನಾಗೇ ಎಚ್ಚರಾಗೂತನಕ."

"ಎಚ್ಚರಾದಾಗ... ನೀವು ಇರ್ತೀರಲ್ಲ?"

ಭರತೇಶ ಅವ್ವನ ಹೊದಿಕೆ ಸರಿಮಾಡಿ, ಅವಳತ್ತ ನೋಡಿ ನಕ್ಕ.

"ಇಲ್ಲೇ ಇರ್ತೇನಿ. ಮಲಕೊ ಹೋಗು."