ಚೀಟಿಯ ಮೂರನೇ ಸಾಲು

1982ರ ನವೆಂಬರ್ 11, ಗುರುವಾರ. ಬೆಳಿಗ್ಗೆ ಹತ್ತೂಕಾಲಿಗೆ ಚಾಮರಾಜಪೇಟೆ ಠಾಣೆಗೆ ಬಂದ ಚಿತ್ರಕಲಾವಿದ ಬದರೀನಾರಾಯಣ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಪ್ರದರ್ಶನಕ್ಕಿಟ್ಟಿದ್ದ ಅವರ ಚಿತ್ರದಿಂದ ಅಂಗೈಯಗಲದ ಕಾಗದವೊಂದು ಕಳುವಾಗಿತ್ತು. ಬರೀ ಕಾಗದವೇ ಎಂದು ಹೆಡ್ ಕಾನ್‌ಸ್ಟೇಬಲ್ ಆಂಜಿನಯ್ಯ ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು.

ಆರಡಿ ಬಟ್ಟೆಯ ಮೇಲೆ, ಗಡಿ ದಾಟಿ ಬಂದವರ ಹಳೆಯ ಕಾಗದಪತ್ರ, ರೈಲು ಟಿಕೇಟುಗಳನ್ನು ಅಂಟಿಸಿ, ಅವುಗಳ ಮೇಲೆ ನಡೆಯುವ ಪಾದಗಳನ್ನು ಬರೆದಿದ್ದರಂತೆ. ಸಿಂಧ್‌ನವರದು, ಟಿಬೆಟ್‌ನವರದು, ಬರ್ಮಾದವರದು, ಎಲ್ಲ ಅಕ್ಕಪಕ್ಕ. ಕಳುವಾದದ್ದು 1942ರಲ್ಲಿ ಬರ್ಮಾದಿಂದ ನಡೆದು ಬಂದ ಒಂದು ಕುಟುಂಬಕ್ಕೆ ಗಡಿಯ ಶಿಬಿರದಲ್ಲಿ ಬರೆದುಕೊಟ್ಟ ಚೀಟಿ. ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು. ಶನಿವಾರ ಚಿತ್ರ ಪ್ಯಾರಿಸ್‌ಗೆ ಹೋಗಬೇಕು.

ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನಯ್ಯ ಎಫ್‌ಐಆರ್ ಹಾಕಿಸಿ, ಹನ್ನೊಂದೂವರೆಗೆ ಪ್ರದರ್ಶನದ ಹಾಲಿಗೆ ಹೋಗಿ ಪಂಚನಾಮೆ ಬರೆಸಿದರು. ವಿಚಿತ್ರವೆಂದರೆ, ಚೀಟಿ ಕಿತ್ತ ಜಾಗ ಖಾಲಿ ಇರಲಿಲ್ಲ. ಒದ್ದೆ ಮಾಡಿ ಸುತ್ತಲ ಎಳೆಯೂ ಹರಿಯದಂತೆ ಬಿಡಿಸಿ, ಅಷ್ಟೇ ಅಳತೆಯ ಕಂದು ಕಾಗದವನ್ನು ಅಂಚು ಸವರಿ ಅಂಟಿಸಿದ್ದರು.

"ಕಳ್ಳನಿಗೆ ಇಷ್ಟು ಪುರುಸೊತ್ತಾ ಸಾರ್?" ಎಂದ ಆಂಜಿನಯ್ಯ.

ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಒಣಗಿದ ಅಂಟಿನಲ್ಲಿ ತೆಳುವಾದ ನೀಲಿಹಸಿರು ಛಾಯೆ. ಬದರೀನಾರಾಯಣರು ಬಳಸಿದ್ದ ಅಂಟು ಬಿಳಿ.

ಕಾವಲುಗಾರ ನಂಜಪ್ಪನ ಹೇಳಿಕೆಯನ್ನು ಹನ್ನೆರಡು ಗಂಟೆಗೆ ಪಡೆದರು. ಮೂರು ದಿನದಿಂದ ಒಬ್ಬ ಮುದುಕಿ ಮಧ್ಯಾಹ್ನ ಬಂದು ಆ ಒಂದೇ ಚಿತ್ರದ ಮುಂದೆ ನಿಲ್ಲುತ್ತಿದ್ದಳಂತೆ. ಚೀಟಿಯ ಮೂರನೇ ಸಾಲು ಓದಿ ಹೇಳಪ್ಪ ಅಂತಿದ್ದಳಂತೆ.

"ಓದಿದ್ಯಾ?"

"ಇಂಗ್ಲಿಷು ಸಾರ್. ಒಂದೊಂದೇ ಅಕ್ಷರ ಕೂಡಿಸಿ ಓದ್ದೆ. ದಿನಾ ಅದೇ ಸಾಲು."

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಊಟಕ್ಕೆ ಹೋಗಿದ್ದೆ ಸಾರ್." ನಂಜಪ್ಪ ತಲೆ ತಗ್ಗಿಸಿದ. "ಅಮ್ಮಾ, ಸ್ವಲ್ಪ ನೋಡ್ಕೊಳ್ಳಿ ಅಂತ ಅವರಿಗೇ ಹೇಳಿ ಹೋದೆ."

ಆಕೆಯ ಹೆಸರು, ಮನೆ ಅವನಿಗೆ ಗೊತ್ತಿರಲಿಲ್ಲ. ಠಾಣೆಗೆ ಮರಳಿ, ಜಪ್ತಿಯಾದ ವಸ್ತುಗಳನ್ನು ಬರೆದಿಡುವ ಮುದ್ದೆಮಾಲು ರಿಜಿಸ್ಟರ್ ತೆರೆದಾಗ ಇನ್‌ಸ್ಪೆಕ್ಟರ ಕೈ ತಡೆಯಿತು. ರಟ್ಟಿನ ಒಳಬದಿಯಲ್ಲಿ ಅದೇ ನೀಲಿಹಸಿರು. ಹುಳ ಹಿಡಿಯದಿರಲೆಂದು ಬೈಂಡಿಂಗಿನವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಠಾಣೆಯ ಪುಸ್ತಕಗಳನ್ನೆಲ್ಲ ಹೊಲಿಯುವುದು ಎರಡು ರಸ್ತೆ ಆಚೆಯ ವೃಷಭೇಂದ್ರಪ್ಪನ ಬೈಂಡಿಂಗ್ ಅಂಗಡಿ.

ಮೂರು ಗಂಟೆಗೆ ಅಲ್ಲಿಗೆ ಹೋದರು. ಚಾಪೆಯ ಮೇಲೆ ಮೂವರು ಹೆಂಗಸರು ಹಾಳೆ ಮಡಿಸುತ್ತಿದ್ದರು. ಪೊಲೀಸರನ್ನು ಕಂಡು ಇಬ್ಬರು ಎದ್ದರು. ಮೂರನೆಯವಳು, ಅರವತ್ತು ದಾಟಿದ ಸಿದ್ದಮ್ಮ, ಹಿಡಿದ ಹಾಳೆಯನ್ನು ಮಡಿಸಿ ಮುಗಿಸಿ, ಕೈ ಒರೆಸಿಕೊಂಡಳು.

"ಚಿತ್ರದ ಚೀಟಿ ತೆಗ್ದಿದ್ದು ನೀವಾ ಅಮ್ಮ?"

"ಹೌದು ಸ್ವಾಮಿ."

"ಜಾಗಕ್ಕೆ ಬೇರೆ ಕಾಗದ ಯಾಕೆ ಅಂಟಿಸಿದ್ರಿ?"

ಅದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು. "ತೂತು ಹಾಗೇ ಬಿಟ್ಟು ಬರಕ್ಕಾಗುತ್ತಾ?"

ಸೆರಗಿನ ಗಂಟಿನಿಂದ ಚೀಟಿ ತೆಗೆದು ಕೊಟ್ಟಳು. ನಾಲ್ಕಾಗಿ ಮಡಿಸಿ ಸವೆದ ಕಾಗದ, ಸುಟ್ಟ ಮೂಲೆ, ಇಂಗ್ಲಿಷಿನಲ್ಲಿ ಮೂರು ಸಾಲು. ಸಿದ್ದಮ್ಮ, 22. ಓಬಳಪ್ಪ, 5. ಗಂಗರತ್ನ, 3.

ಠಾಣೆಯಲ್ಲಿ ಆಕೆ ಮಾತಾಡಿದಳು. ಗಂಡ ರಂಗೂನಿನ ಹಡಗುಕಟ್ಟೆಯಲ್ಲೇ ಬಾಂಬಿಗೆ ಸತ್ತ. ಮಗನ ಕೈ ಹಿಡಿದು, ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಾಡು ದಾಟಿದಳು. ಚೀಟಿ ಬರೆಸಿದ ನಾಲ್ಕನೇ ದಿನ ಶಿಬಿರದಲ್ಲಿ ವಾಂತಿಭೇದಿಗೆ ಮಗು ಹೋಯಿತು. ಸುಟ್ಟರೋ ಹೂತರೋ, ಯಾರೂ ಹೇಳಲಿಲ್ಲ. ಈಚೆಗೆ ಶೇಷಾದ್ರಿಪುರಕ್ಕೆ ಮನೆ ಬದಲಾಯಿಸುವಾಗ ಮಗ ಹಳೆಯ ಟ್ರಂಕಿನ ಕಾಗದವನ್ನೆಲ್ಲ ರದ್ದಿಗೆ ಹಾಕಿದ್ದ. ರದ್ದಿ ಅಂಗಡಿಯವನನ್ನು ವಿಚಾರಿಸಿಕೊಂಡು ಆಕೆ ಚಿತ್ರದವರೆಗೆ ಬಂದಿದ್ದಳು.

"ಅವನನ್ನ ಬೈಯಲ್ಲ. ತಂಗಿ ಇದ್ಲು ಅನ್ನೋದೇ ಅವನಿಗೆ ನೆನಪಿಲ್ಲ. ಅವಳ ಹೆಸರು ಬರ್ದಿರೋದು ಪ್ರಪಂಚದಲ್ಲಿ ಅದೊಂದರಲ್ಲೇ. ಅದೂ ಹಡಗೋ ವಿಮಾನವೋ ಹತ್ತಿ ಹೋಗುತ್ತೆ ಅಂದ್ರು."

"ಚಿತ್ರದವರನ್ನ ಕೇಳಬಹುದಿತ್ತಲ್ಲ."

"ಕೇಳ್ದೆ ಸ್ವಾಮಿ. ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ರು. ಚೀಟಿ ಮಾತ್ರ ಕೊಡ್ಲಿಲ್ಲ."

ಬದರೀನಾರಾಯಣರನ್ನು ಕರೆಸಿದಾಗ ಅವರು ಅದನ್ನು ಅಲ್ಲಗಳೆಯಲಿಲ್ಲ. ಒಂದು ಚೀಟಿ ತೆಗೆದರೆ ಚಿತ್ರ ಹಾಳಾಗುತ್ತದೆ ಅನ್ನಿಸಿತ್ತಂತೆ. ದೂರು ವಾಪಸ್ಸು ಪಡೆಯಬಹುದೇ ಎಂದರು. ಅದನ್ನೀಗ ಕೋರ್ಟಿನಲ್ಲೇ ಕೇಳಬೇಕು, ಚೀಟಿಯೂ ಕೋರ್ಟಿಗೇ ಹೋಗುತ್ತದೆ, ಯಾರ ಕೈಗೆ ಯಾವಾಗ ಬರುತ್ತದೋ ತಿಳಿಯದು ಎಂದರು ಇನ್‌ಸ್ಪೆಕ್ಟರು. ಬದರೀನಾರಾಯಣ ಈಗ ಕೂತರು.

ನಾಲ್ಕು ಇಪ್ಪತ್ತಕ್ಕೆ, ಮಹಿಳಾ ಪೇದೆಯ ಎದುರು, ಸಿದ್ದಮ್ಮನನ್ನು ದಸ್ತಗಿರಿ ಮಾಡಲಾಯಿತು. ಸಾಮಾನ್ಯವಾಗಿ ರಿಜಿಸ್ಟರಿನಲ್ಲಿ ‘ಹಳೆಯ ಚೀಟಿ ಒಂದು’ ಎಂದು ಬರೆದರೆ ಸಾಕು. ಆಂಜಿನಯ್ಯ ಹಾಗೇ ಶುರುಮಾಡಿದ್ದ. ಮಲ್ಲಿಕಾರ್ಜುನಯ್ಯ ಪೆನ್ನು ತೆಗೆದುಕೊಂಡು, ಚೀಟಿಯಲ್ಲಿದ್ದ ಮೂರು ಹೆಸರನ್ನೂ ವಯಸ್ಸು ಸಹಿತ ಕನ್ನಡದಲ್ಲಿ ತಾವೇ ಬರೆದು, ಗಟ್ಟಿಯಾಗಿ ಓದಿದರು.

"ಮೂರನೇದು ಎಲ್ಲಿದೆ ಸ್ವಾಮಿ?"

ಅವರು ಬೆರಳಿಟ್ಟು ತೋರಿಸಿದರು. ಸಿದ್ದಮ್ಮ ಆ ಸಾಲನ್ನು ಮುಟ್ಟಲಿಲ್ಲ. ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳು ಎಳೆದು, ಹೊಲಿಗೆ ಒತ್ತಿ ನೋಡಿದಳು.

"ಇದು ಬಿಚ್ಚಲ್ಲ ಬಿಡಿ," ಎಂದಳು. "ನಾನೇ ಹೊಲ್ದಿದ್ದು."